ಎರಡನೇ ಹೊಂಡದ ಸೂಜಿ ಚಿಟ್ಟೆ

ಸೆಪ್ಟೆಂಬರ್ 4, ಗುರುವಾರ

ದಿನಕ್ಕೊಂದು ಪುಟ ಬರೆಯಬೇಕೆಂದು ಡಾಕ್ಟರ ಅಪ್ಪಣೆ. ಏನು ಬರೆಯಲಿ ಎಂದು ಕೇಳಿದೆ. "ಏನಾದ್ರೂ ಬರೀರಿ. ನಾನು ಓದಲ್ಲ, ಅಕ್ಷರ ಮಾತ್ರ ನೋಡ್ತೀನಿ" ಎಂದರು. ಕೈ ನಡುಕ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅಕ್ಷರದಲ್ಲಿ ಗೊತ್ತಾಗುತ್ತದಂತೆ. ಹಾಗಾಗಿ ಬರೆಯುತ್ತಿದ್ದೇನೆ. ಮೊದಲ ಸಾಲು ಈಗಲೇ ಕೋಳಿ ಕೆದರಿದ ಹಾಗಿದೆ.

ಅಕ್ಕನ ಮನೆಗೆ ಬಂದು ಮೂರು ದಿನ. ಕಳಿಸಿದವಳು ಮಗಳು. "ಅಪ್ಪ, ಎರಡು ತಿಂಗಳು ಅತ್ತೆ ಹತ್ರ ಇದ್ದು ಬಾ. ಅಂಗಡಿ ನಾನು ನೋಡ್ಕೋತೀನಿ." ನೋಡಿಕೊಳ್ಳುತ್ತಾಳಂತೆ! ಮೂವತ್ತಾರು ವರ್ಷ ಗಡಿಯಾರ ರಿಪೇರಿ ಮಾಡಿದ ನಾನು ಕಡಲು ನೋಡುತ್ತ ಕೂರಬೇಕು, ನಿನ್ನೆ ಮೊನ್ನೆ ಚಿಮಟ ಹಿಡಿದವಳು ನನ್ನ ಕುರ್ಚಿಯಲ್ಲಿ ಕೂರಬೇಕು.

ಅವಳದ್ದೂ ತಪ್ಪಿಲ್ಲ. ಕಳೆದ ತಿಂಗಳು ಒಬ್ಬ ಮುದುಕಿ ತೀರಿಹೋದ ಗಂಡನ ಕೈಗಡಿಯಾರ ತಂದಿದ್ದರು. ತೊಳೆದು ಎಣ್ಣೆ ಹಾಕುವಷ್ಟೇ ಕೆಲಸ. ಕೂದಲಿಗಿಂತ ತೆಳ್ಳಗಿನ ಹೇರ್‌ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿದಾಗ ಕೈ ಒಮ್ಮೆ ಜಿಗಿಯಿತು, ಸುರುಳಿ ಸೊಟ್ಟಗಾಯಿತು. ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದೆ. ಮುದುಕಿ ಅದನ್ನು ಹಾಗೇ ಇಸಿದುಕೊಂಡರು. ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಬಯ್ದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಮಗಳಿಗೆ ಒಂದೇ ಮಾತು ಹೇಳಿ ಬಂದಿದ್ದೇನೆ. ಗ್ರಂಥಾಲಯದವರು ಕೊಟ್ಟ ದೊಡ್ಡ ಗೋಡೆ ಗಡಿಯಾರವನ್ನು ನಾನು ಬರುವ ತನಕ ಮುಟ್ಟಕೂಡದು. ಅದು ಮಕ್ಕಳಾಟವಲ್ಲ.

ಸೆಪ್ಟೆಂಬರ್ 6, ಶನಿವಾರ

ಇವತ್ತು ಅಕ್ಕ ಮನೆಯಿಂದ ಆಚೆಗಟ್ಟಿದಳು. ಅವಳ ಅಡುಗೆಮನೆಯ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ ಎಂದು ಬಂದಾಗಿನಿಂದ ಹೇಳುತ್ತಿದ್ದೆ. ಇವತ್ತು ಅದನ್ನು ಗೋಡೆಯಿಂದ ಇಳಿಸಲು ಹೋದೆ.

"ನಲವತ್ತು ವರ್ಷ ಹೆರಿಗೆ ಮಾಡಿಸಿದೀನಿ ಕಣೋ. ಒಂದು ಮಗೂನೂ ಗಡಿಯಾರ ನೋಡ್ಕೊಂಡು ಹುಟ್ಟಲಿಲ್ಲ. ಎದ್ದು ಸಮುದ್ರದ ಕಡೆ ನಡ್ಕೊಂಡು ಹೋಗು. ಊಟದ ಹೊತ್ತಿನ ತನಕ ಮುಖ ತೋರಿಸಬೇಡ."

ಓಣಿ ಮುಗಿದ ಮೇಲೆ ಮರಳುದಿಬ್ಬ. ದಿಬ್ಬದ ಬೆನ್ನ ಹಿಂದೆ, ಸಮುದ್ರಕ್ಕೆ ಕಾಣದ ಹಾಗೆ, ಸಾಲಾಗಿ ನೀರಿನ ಹೊಂಡಗಳು. ಸುತ್ತ ಜೊಂಡು. ಒಂದರ ದಡದಲ್ಲಿ ಗಂಡಸರ ಟೋಪಿ ಹಾಕಿದ ಹೆಂಗಸೊಬ್ಬಳು ಬೋರಲು ಬಿದ್ದಿದ್ದಳು. "ಅಮ್ಮಾ, ಏನಾಯ್ತು?" ಎಂದು ಓಡಿದೆ. ಅವಳು ತಲೆ ಎತ್ತದೆ ಒಂದು ಕೈ ಮಾತ್ರ ಎತ್ತಿದಳು.

"ಅಲುಗಾಡಬೇಡಿ! ನಿಮ್ಮ ಬಲಗಾಲಿನ ಹತ್ರ ಇದೆ."

ಹಾವು ಎಂದುಕೊಂಡೆ. ಎಡಗಾಲು ಗಾಳಿಯಲ್ಲೇ ಉಳಿಯಿತು. ಕೊಕ್ಕರೆಯ ಹಾಗೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೊನೆಗೆ ಅವಳು ಎದ್ದು ಕೂತು ಮರಳು ಕೊಡವಿಕೊಂಡಳು. "ಹೋಯ್ತು. ಸೂಜಿ ಚಿಟ್ಟೆ. ಸಾಮಾನ್ಯದ್ದೇ ಬಿಡಿ."

ಒಂದು ಚಿಟ್ಟೆಗಾಗಿ ನನ್ನ ಜೀವ ಬಾಯಿಗೆ ತರಿಸಿದ ಈಕೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಟೀಚರ್. ಬಯ್ಯಬೇಕೆಂದಿದ್ದೆ. ಅಷ್ಟರಲ್ಲಿ ಇನ್ನೊಂದು ಬಂದು ಜೊಂಡಿನ ಕಡ್ಡಿಯ ಮೇಲೆ ಕೂತಿತು. ಚಿಕ್ಕಂದಿನಲ್ಲಿ ಏರೋಪ್ಲೇನ್ ಚಿಟ್ಟೆ ಎನ್ನುತ್ತಿದ್ದೆವಲ್ಲ, ಅದೇ ಜಾತಿ, ಆದರೆ ಸೂಜಿಯಷ್ಟು ಸಣ್ಣ. ಏರೋಪ್ಲೇನ್ ಚಿಟ್ಟೆ ಕೂತಾಗ ರೆಕ್ಕೆ ಅಗಲಿಸುತ್ತದಂತೆ, ಇದು ಬೆನ್ನ ಮೇಲೆ ಮಡಿಚಿಡುತ್ತದಂತೆ. ಮೈ ಕಪ್ಪು, ಬಾಲದ ಕೊನೆಯಲ್ಲಿ ಒಂದು ನೀಲಿ ಉಂಗುರ. ಆ ನೀಲಿ ನನಗೆ ಗೊತ್ತು. ಉಕ್ಕಿನ ಸ್ಕ್ರೂವನ್ನು ಹದವಾಗಿ ಕಾಸಿದಾಗ ಒಂದು ಗಳಿಗೆ ಬರುತ್ತದೆ, ಅದೇ ನೀಲಿ. ಕಾವು ಸ್ವಲ್ಪ ಹೆಚ್ಚಾದರೂ ಹಾರಿಹೋಗುತ್ತದೆ.

ಕೈ ಬೆಳಿಗ್ಗೆ ನಡುಗಿತು. ಮಧ್ಯಾಹ್ನ ಲೋಟದ ನೀರು ಚೆಲ್ಲಿತು.

ಸೆಪ್ಟೆಂಬರ್ 9, ಮಂಗಳವಾರ

ಪೆಟ್ಟಿಗೆಯ ತಳದಲ್ಲಿ ಐಗ್ಲಾಸ್ ಸಿಕ್ಕಿತು. ಕಣ್ಣಿಗೆ ಸಿಕ್ಕಿಸಿಕೊಂಡು ಗಡಿಯಾರದ ಒಳಗು ನೋಡುವ ಭೂತಗನ್ನಡಿ. ಅದನ್ನು ಜೇಬಿಗೆ ಹಾಕಿಕೊಂಡು ಹೋದೆ. ಟೀಚರ್ ಬಲೆಯಲ್ಲಿ ಒಂದನ್ನು ಹಿಡಿದು, ಮಡಿಚಿದ ರೆಕ್ಕೆಗಳನ್ನು ಎರಡು ಬೆರಳಲ್ಲಿ ಒತ್ತಿಕೊಂಡು ನನ್ನ ಮುಂದೆ ಹಿಡಿದರು.

ಐಗ್ಲಾಸ್ ಸಿಕ್ಕಿಸಿಕೊಂಡು ಬಗ್ಗಿದೆ. ಬಾಲದ ತುದಿಯಲ್ಲಿ ಇಕ್ಕಳ! ಗಂಡು ಆ ಇಕ್ಕಳದಿಂದ ಹೆಣ್ಣಿನ ಕತ್ತನ್ನು ಹಿಡಿಯುತ್ತದಂತೆ. ಪ್ರತಿ ಜಾತಿಗೂ ಬೇರೆ ಆಕಾರ. ಬೇರೆ ಜಾತಿಯ ಹೆಣ್ಣಿಗೆ ಅದು ಕೂರುವುದೇ ಇಲ್ಲ.

"ಈ ಗಡಿಯಾರದ ಹಲ್ಲು ಆ ಗಡಿಯಾರಕ್ಕೆ ಕೂರಲ್ಲ, ಹಾಗೆ ತಾನೆ?" ಎಂದೆ.

"ಅದೇ ಸರ್! ನಾನು ನಾಲ್ಕು ಕ್ಲಾಸ್ ತಗೊಂಡು ಹೇಳೋದನ್ನ ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ."

ಆಮೇಲೆ ತಾವು ಏನು ಹುಡುಕುತ್ತಿದ್ದೀರೆಂದು ಕೇಳಿದೆ. ನಲವತ್ತೊಂದು ವರ್ಷದ ಹಿಂದೆ ಯಾರೋ ಇದೇ ತೀರದಲ್ಲಿ ಒಂದು ಗಂಡು ಸೂಜಿ ಚಿಟ್ಟೆ ಹಿಡಿದು ಸಂಗ್ರಹಾಲಯಕ್ಕೆ ಕೊಟ್ಟಿದ್ದರಂತೆ. ಅದಕ್ಕೆ ಎರಡು ನೀಲಿ ಉಂಗುರ. ಪಿನ್ನು ಚುಚ್ಚುವಾಗ ಬಾಲದ ತುದಿ ಮುರಿದು ಎಲ್ಲೋ ಬಿದ್ದುಹೋಯಿತು. ಸಾಮಾನ್ಯ ಜಾತಿಯಲ್ಲೂ ಕೆಲವಕ್ಕೆ ಎರಡನೆಯ ಉಂಗುರ ಮಸುಕಾಗಿ ಇರುವುದುಂಟು. ಹಾಗಾಗಿ ಅದೊಂದು ಬೇರೆ ಜಾತಿಯೇ ಅಲ್ಲ ಎಂದು ದೊಡ್ಡವರೆಲ್ಲ ತಳ್ಳಿಹಾಕಿದ್ದಾರೆ. ಬಾಲದ ಇಕ್ಕಳ ನೋಡದೆ ವಾದ ತೀರುವಂತಿಲ್ಲ. ಟೀಚರ್ ಮೂರು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದಾರೆ. ಒಂದೂ ಸಿಕ್ಕಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಮಳೆ. ಮಳೆಯಲ್ಲಿ ಅವು ಎಲ್ಲಿ ಹೋಗುತ್ತವೆ?

ಮಗಳು ಫೋನ್ ಮಾಡಿದಳು. ಗ್ರಂಥಾಲಯದವರು ಗಡಿಯಾರ ಕೇಳುತ್ತಿದ್ದಾರಂತೆ. "ಮುಟ್ಟಬೇಡ ಅಂದ್ನಲ್ಲ" ಎಂದೆ. ದನಿ ಜೋರಾಯಿತು. ಅವಳು "ಸರಿ ಅಪ್ಪ" ಎಂದು ಇಟ್ಟಳು. ಅಕ್ಕ ಪಾತ್ರೆ ತೊಳೆಯುತ್ತ ನನ್ನನ್ನೇ ನೋಡುತ್ತಿದ್ದಳು. ಅವಳು ಬಾಯಿ ತೆರೆಯದಿದ್ದರೆ ಇನ್ನೂ ಕಷ್ಟ.

ಸೆಪ್ಟೆಂಬರ್ 17, ಬುಧವಾರ

ಐದು ದಿನ ಬರೆದಿಲ್ಲ, ಹೊತ್ತಾಗಲಿಲ್ಲ. ಹೊಂಡಗಳು ಒಟ್ಟು ಏಳು. ಟೀಚರ್ ಪ್ರತಿಯೊಂದಕ್ಕೂ ಗೂಟ ನೆಟ್ಟು ನಂಬರ್ ಬರೆದಿದ್ದಾರೆ. ಒಂದರಿಂದ ಮೂರು ಮನೆಗಳ ಹತ್ತಿರ. ಏಳನೆಯದು ಸಮುದ್ರಕ್ಕೆ ಅಂಟಿಕೊಂಡಿದೆ, ನಾಲಿಗೆಗಿಟ್ಟರೆ ಉಪ್ಪು. ಎರಡನೆಯದರ ನೀರು ಅತ್ತ ಸಿಹಿಯೂ ಅಲ್ಲ, ಇತ್ತ ಉಪ್ಪೂ ಅಲ್ಲ.

ಇವತ್ತು ಎಂಥದು ನೋಡಿದೆನೆಂದರೆ ಬರೆದಿಡದೆ ಮಲಗಲಾರೆ. ನಾಲ್ಕನೆಯ ಹೊಂಡದಲ್ಲಿ ಮಣ್ಣಿನ ಬಣ್ಣದ ವಿಕಾರವಾದ ಹುಳುವೊಂದು ನೀರಿನಿಂದ ಕಡ್ಡಿ ಹತ್ತಿ ಬಂತು. ಬಂದು ಸುಮ್ಮನೆ ಕೂತಿತು. ಇಪ್ಪತ್ತು ನಿಮಿಷದ ಮೇಲೆ ಬೆನ್ನು ಬಿರಿಯಿತು. ಒಳಗಿಂದ ಮೆತ್ತಗೆ ತಲೆ, ಎದೆ, ಮುದುಡಿದ ರೆಕ್ಕೆ. ಒದ್ದೆ ಬಟ್ಟೆ ಗಾಳಿಗೆ ಹರಡಿದ ಹಾಗೆ ರೆಕ್ಕೆ ಬಿಚ್ಚಿಕೊಂಡಿತು. ಏರೋಪ್ಲೇನ್ ಚಿಟ್ಟೆ! ಇಷ್ಟು ದಿನ ಆ ನೀರಿನಡಿಯಲ್ಲಿ ಅದು ಮೀನಿನ ಹಾಗೆ ಬದುಕಿತ್ತಂತೆ. ಐವತ್ತೊಂಬತ್ತು ವರ್ಷ ನಾನು ಎತ್ತ ನೋಡುತ್ತಿದ್ದೆ?

ಅಕ್ಕನಿಗೆ ಹೇಳಿದೆ. "ಬೆನ್ನಿಂದ ಹುಟ್ಟೋದಾ? ತಲೆ ಮೊದಲು ತಾನೆ?" ಎಂದು ಕೇಳಿದಳು. ತಲೆ ಮೊದಲೇ ಎಂದೆ. "ಹಾಗಿದ್ರೆ ಸರಿ" ಎಂದಳು.

ಸೆಪ್ಟೆಂಬರ್ 23, ಮಂಗಳವಾರ

ಪಕ್ಕದ ಮನೆಯ ಹೊಲಿಗೆಯಾಕೆಯ ಮಗಳಿಗೆ ಜ್ವರ, ಏಳು ವರ್ಷದ ಹುಡುಗಿ. ಆಸ್ಪತ್ರೆಗೆ ಸೇರಿಸಿದ್ದಾರೆ. ಸೊಳ್ಳೆಯಿಂದ ಬರುವ ಜ್ವರವಂತೆ, ಊರಲ್ಲಿ ಇದು ಒಂಬತ್ತನೆಯದು. ಅಕ್ಕ ರಾತ್ರಿಯೆಲ್ಲ ಆ ಮಗುವಿನ ಹಾಸಿಗೆ ಪಕ್ಕ ಕೂತು ಬಂದು ಈಗ ನಿದ್ದೆ ಮಾಡುತ್ತಿದ್ದಾಳೆ.

ಹೊಂಡಗಳ ಹತ್ತಿರ ಹೊಸ ಬೋರ್ಡು. ನಗರಸಭೆಯ ಆರೋಗ್ಯ ಇಲಾಖೆಯಿಂದ ಪ್ರಕಟಣೆ. ಅಕ್ಟೋಬರ್ ಹದಿನೈದರಂದು ಏಳೂ ಹೊಂಡಗಳಿಗೆ ಸೊಳ್ಳೆ ಎಣ್ಣೆ ಸಿಂಪಡಿಸುತ್ತಾರೆ. ಎಣ್ಣೆ ನೀರಿನ ಮೇಲೆ ಪೊರೆ ಕಟ್ಟಿ ಒಳಗಿರುವುದಕ್ಕೆಲ್ಲ ಉಸಿರುಕಟ್ಟಿಸುತ್ತದೆ. ಟೀಚರ್ ಬೋರ್ಡಿನ ಮುಂದೆ ನಿಂತಿದ್ದರು. "ಇನ್ನು ಮೂರು ವಾರ" ಎಂದರು.

ಸೆಪ್ಟೆಂಬರ್ 25, ಗುರುವಾರ

ಅಕ್ಕನ ಜೊತೆ ಜಗಳ. ಎಣ್ಣೆ ಹಾಕಬಾರದು ಎಂದು ಬಾಯಿ ತಪ್ಪಿ ಅಂದೆ.

"ಆ ಮಗು ಮೈ ಮುಟ್ಟಿ ನೋಡಿದೀಯಾ? ಹೆಂಚಿನ ಹಾಗೆ ಸುಡ್ತಿದೆ. ನಿನ್ನ ಚಿಟ್ಟೆಗೆ ಎರಡು ಉಂಗುರ ಇದ್ರೆಷ್ಟು, ಮೂರಿದ್ರೆಷ್ಟು?"

ಅವಳು ಹೇಳಿದ್ದು ಸರಿಯೇ. ಆದರೆ ಒಂದು ಅನುಮಾನ ಕೊರೆಯುತ್ತಿದೆ. ಇಪ್ಪತ್ತು ದಿನದಿಂದ ಆ ಹೊಂಡಗಳ ದಡದಲ್ಲಿ ಮೊಣಕಾಲೂರಿ ಕೂತಿದ್ದೇನೆ. ಒಂದು ಸೊಳ್ಳೆ ಕಚ್ಚಿದ್ದು ನೆನಪಿಲ್ಲ. ಕಚ್ಚುವುದೆಲ್ಲ ಅಕ್ಕನ ಹಿತ್ತಿಲಲ್ಲಿ.

ಸೆಪ್ಟೆಂಬರ್ 27, ಶನಿವಾರ

ಗಾಜಿನ ಜಾಡಿ ಎರಡು ತೊಳೆದು ಕಿಟಕಿಯಲ್ಲಿಟ್ಟೆ. ಎರಡರಲ್ಲೂ ಹೊಂಡದ ನೀರು, ಎರಡು ದಿನ ಹೊಂಡ ಸೋಸಿ ಸೋಸಿ ಕೂಡಿಸಿದ ನಲವತ್ತು ನಲವತ್ತು ಸೊಳ್ಳೆ ಮರಿ. ನೀರಲ್ಲಿ ಕೊಂಕಿ ಕೊಂಕಿ ಈಜುವ ಆ ಮರಿಗಳನ್ನು ಇಂಕು ಫಿಲ್ಲರ್‌ನಲ್ಲಿ ಒಂದೊಂದಾಗಿ ಎಣಿಸುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಒಂದು ಜಾಡಿಗೆ ಮಾತ್ರ ಏರೋಪ್ಲೇನ್ ಚಿಟ್ಟೆಯ ಮರಿಯನ್ನು ಬಿಟ್ಟೆ.

ಅದರ ಕೆಳತುಟಿ ಮಡಿಚಿಟ್ಟ ಕೈಯ ಹಾಗಿದೆ. ಸ್ಪ್ರಿಂಗು ಬಿಟ್ಟಂತೆ ಚಿಮ್ಮುತ್ತದೆ, ಹಿಡಿಯುತ್ತದೆ, ಬಾಯಿಗಿಡುತ್ತದೆ. ಎಷ್ಟು ಬೇಗವೆಂದರೆ ಚಿಮ್ಮಿದ್ದು ಕಾಣುವುದಿಲ್ಲ, ಒಂದು ಮರಿ ಕಡಿಮೆಯಾದದ್ದು ಮಾತ್ರ ಕಾಣುತ್ತದೆ. ಸಂಜೆ ಐದಕ್ಕೆ ಆ ಜಾಡಿಯಲ್ಲಿ ಉಳಿದದ್ದು ಎರಡು. ಇನ್ನೊಂದರಲ್ಲಿ ನಲವತ್ತೂ ಇವೆ.

ಅಕ್ಕ ಮಾತು ಬಿಟ್ಟಿದ್ದಳು. ಆದರೂ ಹಾದುಹೋಗುವಾಗಲೆಲ್ಲ ಜಾಡಿಗೆ ಒಮ್ಮೆ ಬಗ್ಗಿ ನೋಡುತ್ತಿದ್ದಳು.

ಸೆಪ್ಟೆಂಬರ್ 28, ಭಾನುವಾರ

ಅಕ್ಕನ ಸೌಟು ಎತ್ತಿಕೊಂಡು ಹೋಗಿ ಟೀಚರ್ ಜೊತೆ ಏಳೂ ಹೊಂಡದ ನೀರು ಎತ್ತಿ ಎಣಿಸಿದೆವು. ಪ್ರತಿ ಹೊಂಡದಲ್ಲೂ ಹತ್ತು ಕಡೆ. ಒಂದು ಸೌಟಿಗೆ ಹೆಚ್ಚೆಂದರೆ ಮೂರು ಸೊಳ್ಳೆ ಮರಿ. ಐದು ಮತ್ತು ಏಳನೆಯದರಲ್ಲಿ ಒಂದೂ ಇಲ್ಲ.

ಹಾಗಾದರೆ ಸೊಳ್ಳೆ ಬರುವುದು ಎಲ್ಲಿಂದ? ಮನೆಗೆ ಬಂದು ಹಿತ್ತಿಲಿನ ಸಿಮೆಂಟು ತೊಟ್ಟಿಯ ಹಲಗೆ ಸರಿಸಿ ಸೌಟು ಅದ್ದಿದೆ. ಎಣಿಸಿದೆ. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದೆ. ಅರವತ್ತೆಂಟು.

ಅಕ್ಕ ಹಿಂದೆಯೇ ನಿಂತಿದ್ದಳು. ಸೌಟನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿದಳು. ಮುಖ ಕಪ್ಪಿಟ್ಟಿತು. ಆ ತೊಟ್ಟಿಗೂ ಹೊಲಿಗೆಯಾಕೆಯ ಮನೆಗೂ ನಡುವೆ ಒಂದು ಗೋಡೆ ಅಷ್ಟೇ. ಹೇಳಬಾರದಿತ್ತೇನೋ ಎನಿಸಿತು. "ಎಲ್ಲರ ಮನೇಲೂ ಇರುತ್ತೆ ಬಿಡಕ್ಕ" ಎಂದೆ.

"ಎಲ್ಲರ ಮನೆ ಮಾತು ನಾಳೆ. ಮೊದಲು ಇದನ್ನ ಬಗ್ಗಿಸು, ಹಿಡ್ಕೋ ಆ ಕಡೆ" ಎಂದಳು.

ಸಂಜೆಯ ತನಕ ತಿಕ್ಕಿದೆವು.

ಅಕ್ಟೋಬರ್ 3, ಶುಕ್ರವಾರ

ಅಕ್ಕನನ್ನು ಹಿಡಿಯುವವರಿಲ್ಲ. ಓಣಿಯ ಮನೆಮನೆಗೆ ನುಗ್ಗಿ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ ಎಲ್ಲ ಬೋರಲು ಹಾಕಿಸುತ್ತಿದ್ದಾಳೆ. ಅರ್ಧ ಓಣಿ ಅವಳ ಕೈಯಲ್ಲೇ ಹುಟ್ಟಿದ್ದು, ಯಾರು ಎದುರಾಡುತ್ತಾರೆ? ನನಗೆ ಬೇರೆ ಸೌಟು ಕೊಂಡುಕೋ ಎಂದಿದ್ದಾಳೆ.

ಮಗುವಿಗೆ ಜ್ವರ ಇಳಿದಿದೆ.

ಅಕ್ಟೋಬರ್ 6, ಸೋಮವಾರ

ನಗರಸಭೆಯ ಆರೋಗ್ಯಾಧಿಕಾರಿಯನ್ನು ಕಾಣಲು ನಾನು, ಟೀಚರ್, ಎರಡು ಜಾಡಿ. ಅಕ್ಕ ಕರೆಯದೆಯೇ ಹೊರಟಳು. ಮೇಜಿನ ಮೇಲೆ ಕಡತಗಳ ಗುಡ್ಡೆ, ಗೋಡೆಯಲ್ಲಿ ಜ್ವರ ಬಂದವರ ಮನೆಗಳಿಗೆ ಕೆಂಪು ಪಿನ್ನು ಚುಚ್ಚಿದ ನಕ್ಷೆ. ಮನುಷ್ಯ ನಿದ್ದೆಗೆಟ್ಟ ಹಾಗೆ ಕಾಣುತ್ತಿದ್ದ.

"ಅಲ್ಲಾ ಸರ್, ನಾಳೆ ಇನ್ನೊಂದು ಮಗು ಆಸ್ಪತ್ರೆ ಸೇರಿದ್ರೆ, ಹುಳ ತಿನ್ನುತ್ತೆ ಅಂತ ಬಿಟ್ಟಿದ್ದೆ ಅಂತ ನಾನು ಕಾಗದದಲ್ಲಿ ಹೇಗೆ ಬರೀಲಿ?"

ನ್ಯಾಯವಾದ ಪ್ರಶ್ನೆ. ಟೀಚರ್ ಲೆಕ್ಕದ ಹಾಳೆ ಮುಂದಿಟ್ಟರು. ನಾನು ಜಾಡಿ ಮುಂದೆ ಸರಿಸಿದೆ. ಅಧಿಕಾರಿ ಹಾಳೆ ನೋಡಲಿಲ್ಲ, ಜಾಡಿ ನೋಡಿದರು. ಮರಿಯ ತುಟಿ ಚಿಮ್ಮಿತು. "ಅಯ್ಯೋ!" ಎಂದು ಕುರ್ಚಿ ಹಿಂದಕ್ಕೆಳೆದುಕೊಂಡರು. ಮತ್ತೆ ಮುಂದಕ್ಕೆಳೆದುಕೊಂಡರು.

ಆಗ ಅಕ್ಕ, "ನಿಮ್ಮಮ್ಮ ಹೇಗಿದಾರಪ್ಪ? ನೀನು ಕಾಲು ಮುಂದಾಗಿ ಬಂದೋನು. ಹದಿನಾಲ್ಕು ಗಂಟೆ ನನ್ನ ಬೆವರು ಇಳಿಸಿದ್ದೆ" ಎಂದಳು. ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ನಕ್ಕುಬಿಟ್ಟ. ಅಧಿಕಾರಿಯ ಕಿವಿ ಕೆಂಪಾಯಿತು.

ಒಂದು ಗಂಟೆ ಚರ್ಚೆಯಾಗಿ ತೀರ್ಮಾನವಾಯಿತು. ನಾಲ್ಕರಿಂದ ಏಳನೆಯ ಹೊಂಡ ಮುಟ್ಟುವುದಿಲ್ಲ. ಮನೆಗಳಿಗೆ ಹತ್ತಿರವಿರುವ ಒಂದು, ಎರಡು, ಮೂರಕ್ಕೆ ಹದಿನೈದರಂದು ಎಣ್ಣೆ. ಬಿಟ್ಟ ಹೊಂಡಗಳನ್ನು ದಿನಾ ಎಣಿಸಿ ನಾನು ಸಹಿ ಹಾಕಬೇಕು. ಸೌಟಿಗೆ ಐದು ದಾಟಿದರೆ ಅವಕ್ಕೂ ಎಣ್ಣೆ.

ಗೆದ್ದೆವೋ ಸೋತೆವೋ ಗೊತ್ತಾಗದೆ ಆಚೆ ಬಂದೆವು.

ಅಕ್ಟೋಬರ್ 13, ಸೋಮವಾರ

ನಿಧಾನವಾಗಿ ಬರೆಯಬೇಕು. ಒಂದೂ ಬಿಡಬಾರದು.

ಟೀಚರಿಗೆ ಈ ವಾರ ಪರೀಕ್ಷೆ ಡ್ಯೂಟಿ, ನಾನೊಬ್ಬನೇ. ಎರಡನೆಯ ಹೊಂಡವನ್ನು ನಾನು ಎಣಿಸಬೇಕಾಗಿರಲಿಲ್ಲ. ಇನ್ನು ಎರಡು ದಿನಕ್ಕೆ ಹೋಗುವ ಹೊಂಡ, ಸುಮ್ಮನೆ ದಡದಲ್ಲಿ ಕೂತೆ. ಒಂಬತ್ತೂಕಾಲು. ಮೊಣಕಾಲಿನ ಎತ್ತರದ ಹುಲ್ಲಿನಲ್ಲಿ ನೀಲಿ ಕಂಡಿತು. ಉಂಗುರ ಎರಡು. ಎರಡನೆಯದು ಮಸುಕಲ್ಲ, ಮೊದಲನೆಯದರಷ್ಟೇ ಚೊಕ್ಕ.

ಟೀಚರ್ ಕೊಟ್ಟುಹೋದ ಬಲೆ ಪಕ್ಕದಲ್ಲಿತ್ತು. ಮೊದಲ ಬೀಸು ತಪ್ಪಿತು. ಅದು ಎರಡು ಮಾರು ದೂರ ಹೋಗಿ ಕೂತಿತು. ನೀರಿಗಿಳಿದು ಕೆಳಗಿನಿಂದ ಮೇಲಕ್ಕೆ ಬೀಸಿದೆ. ಬಲೆಯೊಳಗೆ ಕೈ ಹಾಕಿ ರೆಕ್ಕೆ ಮಡಿಚಿ ಎರಡು ಬೆರಳಲ್ಲಿ ಹಿಡಿದೆ. ಮೊಣಕೈಯನ್ನು ಮಂಡಿಗೆ ಊರಿ ಐಗ್ಲಾಸ್ ಕಣ್ಣಿಗೆ ಸಿಕ್ಕಿಸಿಕೊಂಡೆ.

ಇಕ್ಕಳವಲ್ಲ! ಮೇಲಿನ ಎರಡು ಕೊಂಡಿ ಒಳಕ್ಕೆ ಬಾಗಿ, ತುದಿಯಲ್ಲಿ ಕತ್ತರಿಯ ಹಾಗೆ ಒಂದರ ಮೇಲೊಂದು ಬಂದಿವೆ. ಎಡಗಡೆಯದು ಮೇಲೆ. ಪ್ರತಿ ಕೊಂಡಿಯ ಒಳಬದಿಗೆ ಒಂದು ಮೆಟ್ಟಿಲು, ಅರದಿಂದ ಉಜ್ಜಿ ಮಾಡಿದಷ್ಟು ಸ್ಪಷ್ಟ. ಕೆಳಗಿನವು ಗಿಡ್ಡ, ಮೊಂಡು.

ಟೀಚರ್ ಫೋನು ಬಂದ್. ಮಗಳಿಗೆ ಮಾಡಿದೆ.

"ಫೋನಲ್ಲಿ ತೀರಾ ಸಣ್ಣದರ ಫೋಟೋ ಹೇಗೆ ತೆಗೀಬೇಕು ಹೇಳು, ಬೇಗ."

"ಅಪ್ಪ, ನಾನೇ ಫೋನ್ ಮಾಡೋಣ ಅಂತಿದ್ದೆ. ಒಂದು ವಿಷಯ ಹೇಳ್ಬೇಕು, ಬಯ್ಯಬಾರದು."

"ಹೇಳಮ್ಮ, ಕೈಯಲ್ಲಿ ಹಿಡ್ಕೊಂಡು ಕೂತಿದೀನಿ."

"ಗ್ರಂಥಾಲಯದ ಗಡಿಯಾರ ಬಿಚ್ಚಿದೆ. ಹಲ್ಲಿನ ಚಕ್ರ ಒಂದು ಸವೆದಿತ್ತು, ಹೊಸದು ಕೂರಿಸಿದೆ. ಮೂರು ದಿನದಿಂದ ಸರಿಯಾಗಿ ಓಡ್ತಿದೆ."

"ಒಳ್ಳೇದಾಯ್ತು. ಫೋಟೋ ಹೇಗೆ?"

"ಅಪ್ಪ, ಹುಷಾರಾಗಿದೀಯ ತಾನೆ?"

ಐಗ್ಲಾಸನ್ನೇ ಫೋನಿನ ಕ್ಯಾಮೆರಾದ ಮೇಲೆ ಇಟ್ಟು ತೆಗಿ ಎಂದಳು. ಜಾಣೆ. ಜೊಂಡು ಕೊಯ್ದಿದ್ದ ಬೆರಳಿಗೆ ಸುತ್ತಿದ್ದ ಪ್ಲಾಸ್ಟರ್ ಬಿಚ್ಚಿ ಅದರಿಂದಲೇ ಅಂಟಿಸಿದೆ. ಹದಿನೇಳು ಫೋಟೋ ಮಂಜು ಮಂಜು. ಹದಿನೆಂಟನೆಯದರಲ್ಲಿ ಕತ್ತರಿ, ಮೆಟ್ಟಿಲು, ಎಲ್ಲ ಬಂದಿದೆ.

ಬಿಸಿಲು ಏರುತ್ತಿತ್ತು. ಡಬ್ಬಿಯಲ್ಲಿಟ್ಟರೆ ಸಾಯುತ್ತದೆ. ಬೆರಳು ಸಡಿಲ ಮಾಡಿದೆ. ತಕ್ಷಣ ಹಾರಲಿಲ್ಲ. ಉಗುರಿನ ಮೇಲೆ ಕೂತು ತಲೆ ಒರೆಸಿಕೊಂಡು ಹೋಯಿತು.

ಅಕ್ಟೋಬರ್ 14, ಮಂಗಳವಾರ

ಟೀಚರ್ ನಿನ್ನೆ ಸಂಜೆಯೇ ಬಂದರು. ಫೋಟೋ ನೋಡಿ ಅಕ್ಕನ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು. ಆಮೇಲೆ ತಲೆ ಎತ್ತಿ ಕೇಳಿದರು.

"ಎಲ್ಲಿದೆ ಸರ್?"

"ಬಿಟ್ಟೆ."

"ಬಿಟ್ಟುಬಿಟ್ರಾ? ಮೂರು ವರ್ಷ ಸರ್! ಒಂದನ್ನ ಕೈಗೆ ಕೊಡದೆ ಬರೀ ಫೋಟೋ ತೋರಿಸಿದ್ರೆ ಯಾರೂ ನಂಬಲ್ಲ!"

"ಅದೊಂದೇ ಇದ್ದಿದ್ರೆ, ಟೀಚರ್?"

ಅಕ್ಕ ಇಬ್ಬರ ಮುಂದೆಯೂ ಚಹಾ ಇಟ್ಟಳು.

ಇವತ್ತು ಬೆಳಿಗ್ಗೆ ಅಧಿಕಾರಿಯ ಬಳಿ ಹೋದೆವು. "ಅಲ್ಲಾ ಸ್ವಾಮಿ, ನಾಲ್ಕು ಹೊಂಡ ಬಿಟ್ಟುಕೊಟ್ಟಿದೀನಿ. ಆ ಚಿಟ್ಟೆಗೆ ಬೇರೆ ಜಾಗವೇ ಸಿಗಲಿಲ್ವಾ?" ಎಂದು ತಲೆ ಮೇಲೆ ಕೈ ಹೊತ್ತರು. ಆದರೂ ಜೀಪು ಹತ್ತಿಸಿಕೊಂಡು ಬಂದರು. ಪಾಲಿಶ್ ಹಾಕಿದ ಬೂಟಿನಲ್ಲೇ ಎರಡನೆಯ ಹೊಂಡಕ್ಕೆ ಇಳಿದು, ಯಾರನ್ನೂ ನಂಬದೆ ತಾವೇ ಹತ್ತು ಸೌಟು ಎತ್ತಿ ಎಣಿಸಿದರು. ಅತಿ ಹೆಚ್ಚೆಂದರೆ ನಾಲ್ಕು.

"ಈ ತಿಂಗಳ ಕೊನೆ ತನಕ ಬಿಡ್ತೀನಿ. ದಿನಾ ಎಣಿಸಿ. ಒಂದೇ ಒಂದು ದಿನ ಐದು ದಾಟಲಿ, ನಾನೇ ಬಂದು ಎಣ್ಣೆ ಹೊಡೀತೀನಿ." ಒದ್ದೆ ಬೂಟು ಕಳಚಿ ನೀರು ಬಸಿಯುತ್ತ, "ಎಲ್ಲಿ, ಆ ಕತ್ತರಿ ಇನ್ನೊಂದು ಸಲ ತೋರಿಸಿ" ಎಂದರು.

ಅಕ್ಟೋಬರ್ 15, ಬುಧವಾರ

ಒಂದಕ್ಕೂ ಮೂರಕ್ಕೂ ಎಣ್ಣೆ ಹಾಕಿದರು. ನೀರಿನ ಮೇಲೆ ಏಳು ಬಣ್ಣದ ಪೊರೆ. ಮೂರನೆಯದರ ಕಡ್ಡಿಯಲ್ಲಿ ಅರ್ಧ ಹೊರಬಂದ ಏರೋಪ್ಲೇನ್ ಚಿಟ್ಟೆಯೊಂದು ಹಾಗೆಯೇ ನಿಂತುಹೋಗಿತ್ತು.

ಎರಡನೆಯದು: ಸೌಟಿಗೆ ಮೂರು.

ಅಕ್ಟೋಬರ್ 19, ಭಾನುವಾರ

ಹೊಲಿಗೆಯಾಕೆಯ ಮಗಳು ಮನೆಗೆ ಬಂದಳು. ಕಿಟಕಿಯಲ್ಲಿ ಕೂತು ನಮ್ಮ ಜಾಡಿ ಕೇಳಿದಳಂತೆ, ಅಕ್ಕ ಕೊಟ್ಟುಬಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ನಾಲ್ಕು ದಿನ ಹುಡುಕಿ ಎರಡನೆಯ ಹೊಂಡದಲ್ಲಿ ಎರಡುಂಗುರದ ಗಂಡು ಆರು ಕಂಡೆವು. ಬೇರೆ ಹೊಂಡಗಳಲ್ಲಿ ಒಂದೂ ಇಲ್ಲ. ಅಷ್ಟು ಸಿಕ್ಕ ಮೇಲೆ ಟೀಚರ್ ಒಂದನ್ನು ಬಾಟಲಿಗೆ ಹಾಕಿದರು. "ಇಷ್ಟ ಇಲ್ಲದಿದ್ರೆ ನೀವು ಆ ಕಡೆ ಹೋಗಿ ಸರ್" ಎಂದರು. ಹೋಗಲಿಲ್ಲ. ಮುಚ್ಚಳ ಹಾಕುವಾಗ ಅವರ ಕೈ ನಡುಗುತ್ತಿತ್ತು. ಬಾಟಲಿ ಇಸಿದುಕೊಂಡು ನಾನೇ ಬಿಗಿಮಾಡಿದೆ.

ಇದು ಇದೊಂದೇ ಹೊಂಡದಲ್ಲಿ ಏಕಿದೆ? ಆ ಸಿಹಿಯೂ ಅಲ್ಲದ ಉಪ್ಪೂ ಅಲ್ಲದ ನೀರಿಗಾಗಿಯೇ? ಹೆಣ್ಣು ಎಲ್ಲಿ? ಒಂದು ಹೆಣ್ಣನ್ನೂ ಇನ್ನೂ ನೋಡಿಲ್ಲ.

ಅಕ್ಟೋಬರ್ 31, ಶುಕ್ರವಾರ

ತಿಂಗಳು ಮುಗಿಯಿತು. ಹದಿನೇಳು ದಿನದ ಲೆಕ್ಕದಲ್ಲಿ ಒಮ್ಮೆಯೂ ಐದು ದಾಟಿಲ್ಲ. ಹತ್ತು ದಿನದಿಂದ ಊರಲ್ಲಿ ಹೊಸ ಜ್ವರವಿಲ್ಲ. ಅದು ಹೊಂಡದ ಹುಳುಗಳಿಂದಲೋ, ಅಕ್ಕ ಬೋರಲು ಹಾಕಿಸಿದ ಡ್ರಮ್ಮುಗಳಿಂದಲೋ ಎಂದು ಅಧಿಕಾರಿ ಕೇಳಿದರು. "ಅಕ್ಕನಿಂದ" ಎಂದೆ, ಅದೇ ನಿಜ. ಎರಡನೆಯ ಹೊಂಡವನ್ನು ಎಣ್ಣೆಯ ಪಟ್ಟಿಯಿಂದ ಹೊಡೆದುಹಾಕಿ ಸಹಿ ಮಾಡಿದರು. ಇನ್ನು ಮುಂದೆ ಟೀಚರ ವಿದ್ಯಾರ್ಥಿಗಳು ಎಣಿಸುತ್ತಾರೆ.

ನಾಳೆ ಹನ್ನೊಂದೂವರೆಯ ಬಸ್ಸಿಗೆ ಊರಿಗೆ.

ನವೆಂಬರ್ 1, ಶನಿವಾರ

ಬಸ್ಸಿಗೆ ಹೊತ್ತಿತ್ತು, ಸುಮ್ಮನೆ ಒಂದು ಸುತ್ತು ಎಂದು ಹೋದೆ. ಟೀಚರ್ ಕಾಲೇಜಿನಲ್ಲಿ. ಎರಡನೆಯ ಹೊಂಡದಲ್ಲಿ ಎರಡುಂಗುರದ ಗಂಡು ಜೊಂಡಿನ ಮೇಲೆ ಕೂತಿತ್ತು, ಬಾಲದ ಕತ್ತರಿಯಲ್ಲಿ ಹೆಣ್ಣಿನ ಕತ್ತು! ಹೆಣ್ಣಿಗೆ ನೀಲಿಯಿಲ್ಲ, ಒಣಗಿದ ಹುಲ್ಲಿನ ಬಣ್ಣ. ಅದಕ್ಕೇ ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ಅವಳು ಕಡ್ಡಿ ಹಿಡಿದು ಹಿಂದು ಹಿಂದಾಗಿ ಇಳಿಯತೊಡಗಿದಳು. ಬಾಲ ನೀರಿಗೆ, ರೆಕ್ಕೆ ನೀರಿಗೆ, ಆಮೇಲೆ ತಲೆಯೂ. ನೀರು ಕತ್ತಿನ ಮಟ್ಟಕ್ಕೆ ಬಂದಾಗ ಗಂಡು ಬಿಟ್ಟು ಮೇಲೆ ಕೂತಿತು. ಅವಳು ಒಳಗೇ ಹೋದಳು. ಮೈಸುತ್ತ ಗಾಳಿ ಬೆಳ್ಳಿಯ ಅಂಗಿಯ ಹಾಗೆ ಅಂಟಿಕೊಂಡಿತ್ತು. ಒಂದಡಿ ಕೆಳಗೆ ಕಡ್ಡಿಗೆ ಬಾಲ ಚುಚ್ಚಿ ಮೊಟ್ಟೆ ಇಡುತ್ತಿದ್ದಳು. ಗಂಟೆ ಹತ್ತು ಐವತ್ತೆರಡು.

ಹನ್ನೊಂದಾಯಿತು, ಬರಲಿಲ್ಲ. ಹನ್ನೊಂದೂ ಇಪ್ಪತ್ತು. ಬಸ್ ನಿಲ್ದಾಣಕ್ಕೆ ಇಪ್ಪತ್ತು ನಿಮಿಷದ ದಾರಿ. ಫೋನು ಬಡಿದುಕೊಂಡಿತು.

"ಅಪ್ಪ, ಬಸ್ ಹತ್ತಿದ್ಯಾ?"

"ಇಲ್ಲಮ್ಮ. ಅವಳು ಇನ್ನೂ ಮೇಲೆ ಬಂದಿಲ್ಲ."

"ಯಾರಪ್ಪ ಅವಳು?"

"ನೀರಲ್ಲಿ ಮುಳುಗಿದಾಳೆ. ಇಪ್ಪತ್ತೆಂಟು ನಿಮಿಷ ಆಯ್ತು."

ಮಗಳು ಕಿರುಚಿದ್ದು ಜೊಂಡಿನ ಆಚೆಗೂ ಕೇಳಿಸಿರಬೇಕು. ಅವಳಿಗೆ ಎಲ್ಲ ತಿಳಿಸಿ ಹೇಳುವಷ್ಟರಲ್ಲಿ ಅಕ್ಕ ನನ್ನ ಪೆಟ್ಟಿಗೆ ಎಳೆದುಕೊಂಡು ಏದುಸಿರು ಬಿಡುತ್ತ ದಿಬ್ಬ ಇಳಿದು ಬಂದಳು. ಬಯ್ಯಲು ಬಾಯಿ ತೆರೆದವಳಿಗೆ ನೀರಿನೊಳಗೆ ಬೆರಳು ಮಾಡಿ ತೋರಿಸಿದೆ.

"ಏನು ಮಾಡ್ತಿದಾಳೆ ಅಲ್ಲಿ?"

"ಮೊಟ್ಟೆ ಇಡ್ತಿದಾಳೆ."

"ಉಸಿರು?"

"ಗೊತ್ತಿಲ್ಲ."

ಅಕ್ಕ ಪೆಟ್ಟಿಗೆಯನ್ನು ಮರಳಲ್ಲಿ ಮಲಗಿಸಿ ಅದರ ಮೇಲೆ ಕೂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಮೇಲೆ ಕೈಯೂರಿ ನೀರನ್ನೇ ನೋಡಿದಳು. ಅವಳು ಹಾಗೆ ಕೂತದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ಎಷ್ಟು ಮನೆಗಳಲ್ಲಿ ಹೀಗೆ ಕೂತಿದ್ದಳೋ.

ಹನ್ನೊಂದು ನಲವತ್ತೊಂದಕ್ಕೆ ಹೆಣ್ಣು ಚಿಟ್ಟೆ ಕಡ್ಡಿ ಬಿಟ್ಟು ಮೇಲೆ ತೇಲಿಬಂದಳು. ರೆಕ್ಕೆ ನೀರಿಗೆ ಅಂಟಿಕೊಂಡಿತ್ತು, ಏಳಲಾಗಲಿಲ್ಲ. ಹುಲ್ಲಿನ ಎಸಳೊಂದನ್ನು ಚಾಚಿದೆ. ಹಿಡಿದುಕೊಂಡು ಹತ್ತಿದಳು. ಬಿಸಿಲಿಗೆ ನಾಲ್ಕು ನಿಮಿಷ ಮೈ ಒಣಗಿಸಿಕೊಂಡು ಹಾರಿದಳು. ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು.

ನಲವತ್ತೊಂಬತ್ತು ನಿಮಿಷ. ಟೀಚರಿಗೆ ಹೇಳಿದಾಗ ಫೋನಿನಲ್ಲೇ ಮೂರು ಸಲ ಕೇಳಿಸಿಕೊಂಡರು. ಆದರೆ ಒಂದೇ ಹೆಣ್ಣಿನ ಲೆಕ್ಕ ಹಿಡಿದು ಏನು ಹೇಳಲು ಸಾಧ್ಯ? ಇನ್ನೂ ನಾಲ್ಕೈದು ನೋಡಬೇಕು. ಮೋಡವಿರುವ ದಿನ ಎಷ್ಟು ಹೊತ್ತು, ಬಿಸಿಲಲ್ಲಿ ಎಷ್ಟು ಹೊತ್ತು? ಗಂಡು ಅಷ್ಟೂ ಹೊತ್ತು ಕಾಯುತ್ತದೆಯೇ, ಅಥವಾ ಇವತ್ತಿನದು ಮಾತ್ರ ಕಾದದ್ದೇ?

ಸೋಮವಾರ ಖಂಡಿತ ಹೊರಡುತ್ತೇನೆ ಎಂದು ಮಗಳಿಗೆ ಹೇಳಿದೆ. ಪಕ್ಕದಲ್ಲಿ ಪೆಟ್ಟಿಗೆಯಿಂದ ನನ್ನ ಬಟ್ಟೆ ತೆಗೆದು ಮತ್ತೆ ಕಪಾಟಿಗೆ ಜೋಡಿಸುತ್ತಿದ್ದ ಅಕ್ಕ, "ಯಾವ ಸೋಮವಾರ ಅಂತ ಕೇಳ್ಕೋ" ಎಂದು ಫೋನಿಗೆ ಕೇಳುವ ಹಾಗೆ ಕೂಗಿದಳು.